ಗಾಲ್ಫ್ ಕಾರ್ಟ್‌ಗೂ ನಂಬರ್ ಪ್ಲೇಟ್ ಬೇಕಾ? ನಿವೃತ್ತರ ಬಡಾವಣೆಯಲ್ಲಿರುವವರು ಹೇಳಿ

ಸುರಂಗದ ದಾರಿ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಫ್ಲೋರಿಡಾದ ನಡುಭಾಗದಲ್ಲಿ, 55 ದಾಟಿದವರ ಬಡಾವಣೆಯಲ್ಲಿ. ಯಾವುದು ಅಂತ ಬೇಡ ಬಿಡಿ, ಇಲ್ಲಿ ಓದುವವರಲ್ಲಿ ನಮ್ಮ ಬೀದಿಯವರೂ ಒಬ್ಬಿಬ್ಬರು ಇದ್ದಾರೆ.

ಹೋದ ವಾರ ಸಂಜೆ ನಾನೂ ನಮ್ಮ ಯಜಮಾನರೂ ವಾಕಿಂಗ್ ಹೋಗಿದ್ದೆವು. ದೊಡ್ಡ ರಸ್ತೆಯ ಕೆಳಗೆ ಕಾರ್ಟ್‌ಗಳಿಗೆಂದೇ, ಅಂದರೆ ಗಾಲ್ಫ್ ಮೈದಾನದಲ್ಲಿ ಓಡಿಸುವ ಆ ಸಣ್ಣ ಗಾಡಿಗಳಿಗೆಂದೇ, ಒಂದು ಸುರಂಗ ಇದೆ. ಅದರ ಬಾಯಿಗೆ ಬಂದಾಗ ಹಿಂದಿನಿಂದ ಒಂದು ಕಾರ್ಟ್ ಬಂತು. ಅದರ ಕನ್ನಡಿ ಇವರ ಎಡ ಮೊಣಕೈಗೆ ತಾಗಿತು. ಇವರು ಮುಗ್ಗರಿಸಿ ಬಿದ್ದರು, ಎಡ ಮಣಿಕಟ್ಟು ಮುರಿಯಿತು. ಓಡಿಸುತ್ತಿದ್ದವರು ಗಾಡಿ ನಿಲ್ಲಿಸಿ ತಿರುಗಿ ನೋಡಿದರು, ಕೈ ಎತ್ತಿದರು. ಇಳಿದು ಬರುತ್ತಾರೆ ಅಂದುಕೊಂಡೆ. ಹೊರಟೇ ಹೋದರು.

ಆಮೇಲೆ ಪೊಲೀಸಿನವರು ಗಾಡಿ ಹೇಗಿತ್ತು ಅಂತ ಕೇಳಿದರು. ಬಿಳಿ ಬಾಡಿ, ಕೆನೆ ಬಣ್ಣದ ಟಾಪ್, ಹಿಂದೆ ಎರಡು ಗಾಲ್ಫ್ ಬ್ಯಾಗ್, ಒಂದರ ಮೇಲೆ ಹಳದಿ ಟವೆಲ್. ಹೇಳುತ್ತಾ ಹೇಳುತ್ತಾ ನನಗೇ ನಗು ಬಂತು. ನಾವು ಅಲ್ಲಿ ನಿಂತಿದ್ದಾಗಲೇ ಅಂಥವು ನಾಲ್ಕು ಹೋದವು. ನಮ್ಮದೂ ಬಿಳಿ ಬಾಡಿ, ಕೆನೆ ಟಾಪೇ.

ಫ್ಲೋರಿಡಾದಲ್ಲಿ ಗಂಟೆಗೆ 20 ಮೈಲಿ ಮೀರಿ ಓಡಲಾಗದ ಗಾಡಿಗೆ ಗಾಲ್ಫ್ ಕಾರ್ಟ್ ಅನ್ನುತ್ತಾರೆ. ಅದಕ್ಕೆ ರಿಜಿಸ್ಟ್ರೇಷನ್ ಇಲ್ಲ, ಟೈಟಲ್ (ಗಾಡಿ ಯಾರದ್ದು ಅನ್ನುವ ಮಾಲೀಕತ್ವದ ಪತ್ರ) ಇಲ್ಲ, ಇನ್ಶೂರೆನ್ಸ್ ಕಡ್ಡಾಯವಲ್ಲ. 20 ದಾಟಿ 25ರ ಒಳಗೆ ಓಡುವುದು ಎಲ್‌ಎಸ್‌ವಿ, ಅಂದರೆ ಲೋ ಸ್ಪೀಡ್ ವೆಹಿಕಲ್. ಅದಕ್ಕೆ ಪ್ಲೇಟು, ಟೈಟಲ್, ಇನ್ಶೂರೆನ್ಸ್ ಎಲ್ಲಾ ಬೇಕು, ಓಡಿಸುವವರಿಗೆ ಲೈಸೆನ್ಸ್ ಬೇಕು. ಅಂಗಡಿ ಮುಂದೆ ಎರಡೂ ಪಕ್ಕಪಕ್ಕ ನಿಂತಿದ್ದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಂದಕ್ಕೆ ಹೆಸರುಂಟು, ಇನ್ನೊಂದಕ್ಕಿಲ್ಲ.

ನನಗನ್ನಿಸುವುದು, ಎಲ್ಲಾ ಕಾರ್ಟ್‌ಗೂ ರಿಜಿಸ್ಟ್ರೇಷನ್ ಮಾಡಿಸಬೇಕು. ನೀವೇನಂತೀರಿ?

18ನೇ ಹೋಲ್:

ಮೊದಲು ಯಜಮಾನರು ಬೇಗ ಹುಷಾರಾಗಲಿ ಮೇಡಂ. ನಿಲ್ಲಿಸಿ ನೋಡಿ ಹೋದವನು ಮನುಷ್ಯನೇ ಅಲ್ಲ.

ಆದರೂ ನಾನು ಒಪ್ಪುವುದಿಲ್ಲ. ನಲವತ್ತು ವರ್ಷ ಫಾರ್ಮು ತುಂಬಿ, ಸಾಲಿನಲ್ಲಿ ನಿಂತು, ಟ್ಯಾಗು ರಿನ್ಯೂ ಮಾಡಿಸಿ ಸಾಕಾಗಿಯೇ ಇಲ್ಲಿಗೆ ಬಂದಿದ್ದು. ಬೆಳಿಗ್ಗೆ ಎದ್ದು ಕಾರ್ಟ್ ಹತ್ತಿ ಕೋರ್ಸಿಗೆ ಹೋಗುವುದು, ಬರುವಾಗ ಹಾಲು ತರುವುದು. ಅದಕ್ಕೂ ಒಂದು ಕಾಗದ ಬೇಕಾ? ಇವತ್ತು ಪ್ಲೇಟು ಅಂತಾರೆ, ನಾಳೆ ಫೀಸು, ನಾಡಿದ್ದು ವರ್ಷಕ್ಕೊಮ್ಮೆ ಇನ್ಸ್‌ಪೆಕ್ಷನ್.

ಇನ್ನೊಂದು ಮಾತು. ಕಾರಿಗೆ ಪ್ಲೇಟ್ ಇಲ್ವಾ? ಆದರೂ ಗುದ್ದಿ ಓಡಿ ಹೋಗುವವರು ಹೋಗುತ್ತಲೇ ಇದ್ದಾರೆ.

ಅಂದ ಹಾಗೆ, ಯಜಮಾನರು ದಾರಿಯ ಯಾವ ಕಡೆ ನಡೆಯುತ್ತಿದ್ದರು? ತಪ್ಪು ತಿಳಿಯಬೇಡಿ, ಸುಮ್ನೆ ಕೇಳಿದೆ.

ಸುರಂಗದ ದಾರಿ:

ಬಲಗಡೆ. ಎದುರು ಬರುವ ಕಾರ್ಟ್ ಕಾಣುವ ಹಾಗೆ ಎಡಗಡೆ ನಡೆಯಬೇಕಿತ್ತು, ಗೊತ್ತು ಸರ್. ಅವತ್ತಿನಿಂದ ದಿನಕ್ಕೆ ನಾಲ್ಕು ಜನ ಅದನ್ನೇ ಹೇಳುತ್ತಿದ್ದಾರೆ. ಬಲಗಡೆ ನಡೆದದ್ದಕ್ಕೆ ಕೈ ಮುರಿಯಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ.

ಕಾರಿನ ಪ್ಲೇಟ್ ವಿಷಯ. ಓಡಿ ಹೋದ ಕಾರನ್ನು ಹಿಡಿಯುವುದೂ ಎಷ್ಟೋ ಸಲ ಪ್ಲೇಟಿನಿಂದಲೇ ಅಲ್ವಾ?

ಗ್ರೀಸ್ ಕೈ:

ನಾನು ವೃತ್ತಿಯಲ್ಲಿ ಮೆಕ್ಯಾನಿಕ್ ಅಲ್ಲ. ರಿಟೈರ್ ಆದ ಮೇಲೆ ಗ್ಯಾರೇಜಿನಲ್ಲಿ ಕಾರ್ಟ್ ಬಿಚ್ಚುವ ಚಟ ಹತ್ತಿದೆ ಅಷ್ಟೇ. ಹಾಗಾಗಿ ಗಾಡಿಯ ಕಡೆಯಿಂದ ಎರಡು ಮಾತು.

ಎಲ್‌ಎಸ್‌ವಿ ಅನ್ನುವ ಜಾತಿ ಹುಟ್ಟಿದ್ದು 1998ರಲ್ಲಿ, ಫೆಡರಲ್ ಸರ್ಕಾರದ ಸುರಕ್ಷತಾ ನಿಯಮ 500ರಿಂದ. ಸೀಟ್ ಬೆಲ್ಟ್, ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ವಿಂಡ್‌ಶೀಲ್ಡ್, ಕನ್ನಡಿ, ಪಾರ್ಕಿಂಗ್ ಬ್ರೇಕ್ ಇರಬೇಕು. ಮುಖ್ಯವಾಗಿ 17 ಅಕ್ಷರದ ವಿಐಎನ್, ಅಂದರೆ ವಾಹನದ ಗುರುತಿನ ನಂಬರ್ ಇರಬೇಕು. ಗಾಲ್ಫ್ ಕಾರ್ಟ್‌ಗೆ ವಿಐಎನ್ ಇರುವುದಿಲ್ಲ, ಕಂಪನಿಯ ಸೀರಿಯಲ್ ನಂಬರ್ ಮಾತ್ರ. ಅದೂ ಸೀಟಿನ ಕೆಳಗೋ ಡ್ಯಾಶಿನ ಒಳಗೋ ಸಣ್ಣ ತಗಡಿನ ಮೇಲೆ ಇರುತ್ತದೆ. ನನ್ನ ಪಕ್ಕದ ಮನೆಯವರ ಗಾಡಿಯಲ್ಲಿ ಅದನ್ನು ಹುಡುಕಲು ಟಾರ್ಚ್ ಹಿಡಿದು ಅರ್ಧ ಗಂಟೆ ಮಂಡಿಯೂರಿ ಕೂತಿದ್ದೆ. ಸಿಕ್ಕಾಗ ಕೊನೇ ಎರಡಂಕಿ ತುಕ್ಕಿಗೆ ಹೋಗಿತ್ತು. ರಿಜಿಸ್ಟ್ರೇಷನ್ ಅಂದರೆ ಕಾಗದದಲ್ಲಿ ಬರೆಯುವುದೇನೋ ಸರಿ, ಯಾವ ನಂಬರ್ ಬರೆಯುತ್ತೀರಿ?

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಪೆಟ್ರೋಲ್ ಕಾರ್ಟ್‌ಗೆ ಗವರ್ನರ್ ಅಂತ ಒಂದು ಭಾಗ ಇರುತ್ತದೆ, ಅದು ವೇಗವನ್ನು ಹಿಡಿದಿಡುತ್ತದೆ. ಅಲ್ಲೊಂದು ಸ್ಪ್ರಿಂಗು, ಒಂದು ನಟ್ಟು. ನಟ್ಟು ಸ್ವಲ್ಪ ತಿರುಗಿಸಿದರೆ 19ರಲ್ಲಿ ಹೋಗುತ್ತಿದ್ದ ಗಾಡಿ 23, 24ಕ್ಕೆ ಹೋಗುತ್ತದೆ. ಬ್ಯಾಟರಿ ಗಾಡಿಯಲ್ಲಿ ಅದನ್ನೇ ಕಂಟ್ರೋಲರ್ ಸೆಟಿಂಗ್‌ನಲ್ಲಿ ಮಾಡುತ್ತಾರೆ. "ಒಂಚೂರು ತಿರುಗಿಸಿ ಕೊಡಿ" ಅಂತ ನನ್ನ ಹತ್ತಿರ ಎಷ್ಟು ಜನ ಬಂದಿದ್ದಾರೋ ಲೆಕ್ಕ ಇಟ್ಟಿಲ್ಲ. ಒಬ್ಬರಿಗೆ 81 ವರ್ಷ. ನಾನು ಮಾಡಿಕೊಡುವುದಿಲ್ಲ. ನಾನಲ್ಲದಿದ್ದರೆ ಬೇರೆಯವರು ಮಾಡಿಕೊಡುತ್ತಾರೆ.

20 ದಾಟಿದ ಕ್ಷಣಕ್ಕೆ ಆ ಗಾಡಿ ಕಾನೂನಿನ ಪ್ರಕಾರ ಗಾಲ್ಫ್ ಕಾರ್ಟೇ ಅಲ್ಲ. ಪ್ಲೇಟಿಲ್ಲದ, ಇನ್ಶೂರೆನ್ಸ್ ಇಲ್ಲದ ವಾಹನ ಆಗಿಬಿಡುತ್ತದೆ. ಬ್ರೇಕ್ ಮಾತ್ರ ಹಳೆಯದೇ. ಸಾಮಾನ್ಯ ಕಾರ್ಟ್‌ಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಇಳಿಜಾರಿನಲ್ಲಿ ಜೋರಾಗಿ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಸುರಂಗದ ದಾರಿ ಎರಡೂ ಕಡೆ ಇಳಿಜಾರೇ ತಾನೇ?

ಸುರಂಗದ ದಾರಿ:

ಹೌದು, ಇಳಿಜಾರೇ. ಜೋರಾಗಿಯೇ ಬಂತು. ಎಷ್ಟು ವೇಗ ಅಂತ ನಾನು ಹೇಗೆ ಹೇಳಲಿ?

ಹಳದಿ ಚೆಂಡು:

ಸ್ವಲ್ಪ ಹಗುರ ಮಾತು, ಬೈಯಬೇಡಿ. ಹೋದ ತಿಂಗಳು ಚೌಕದಲ್ಲಿ ಹಾಡು ಕೇಳಿ ಹೊರಗೆ ಬಂದೆ, ಗಾಡಿ ಹತ್ತಿದೆ, ಕೀ ತಿರುಗಿಸಿದೆ, ಹೊರಟೆ. ಅರ್ಧ ಮೈಲಿ ಹೋದ ಮೇಲೆ ಕಪ್ ಹೋಲ್ಡರ್‌ನಲ್ಲಿ ಯಾರದೋ ಹಲ್ಲಿನ ಸೆಟ್ಟಿನ ಡಬ್ಬಿ ಕಂಡಿತು. ನನಗಿನ್ನೂ ಎಲ್ಲಾ ಹಲ್ಲೂ ಇವೆ!

ಒಂದೇ ಕಂಪನಿಯ ಕಾರ್ಟ್‌ಗಳಿಗೆ ಎಷ್ಟೋ ಸಲ ಒಂದೇ ಕೀ ಹಿಡಿಯುತ್ತದೆ. ಬೇರೆ ಸ್ವಿಚ್ ಹಾಕಿಸದಿದ್ದರೆ ನನ್ನ ಕೀಯಲ್ಲಿ ನಿಮ್ಮ ಗಾಡಿ ಹೊರಡುತ್ತದೆ. ಅದಕ್ಕೇ ಜನ ಗುರುತಿಗೆ ಬಾವುಟ ಕಟ್ಟುತ್ತಾರೆ, ಗೊಂಬೆ ತೂಗುಹಾಕುತ್ತಾರೆ. ಫ್ಲೋರಿಡಾದ ನಿವೃತ್ತರ ಬಡಾವಣೆ ದಿ ವಿಲೇಜಸ್‌ನಲ್ಲಿ 2005ರ ಸೆಪ್ಟೆಂಬರ್‌ನಲ್ಲಿ 3,321 ಕಾರ್ಟ್ ಸಾಲಾಗಿ ಮೆರವಣಿಗೆ ಮಾಡಿ ಗಿನ್ನೆಸ್ ದಾಖಲೆ ಮಾಡಿದ್ದರು. ಮುಗಿದ ಮೇಲೆ ಎಷ್ಟು ಜನ ತಮ್ಮ ಗಾಡಿಯಲ್ಲೇ ಮನೆಗೆ ಹೋದರೋ!

ಕಳವಾದರೆ ಹುಡುಕಲಿಕ್ಕಾದರೂ ನಂಬರ್ ಇರಲಿ ಅನ್ನುವುದು ನನ್ನ ಓಟು.

ದೂರದ ಮಗಳು:

ಇಷ್ಟು ದಿನ ಇಲ್ಲಿ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮಮ್ಮನಿಗೆ 77. ಅಪ್ಪ ಹೋದ ಮೇಲೆ ಫ್ಲೋರಿಡಾದ ಆ ಮನೆಯಲ್ಲಿ ಒಬ್ಬರೇ. ಎರಡು ವರ್ಷದ ಹಿಂದೆ ಕಾರಿನ ಲೈಸೆನ್ಸ್ ತಾವಾಗಿಯೇ ಬಿಟ್ಟುಕೊಟ್ಟರು. ಹೈವೇ ಭಯ, ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತದೆ. ಈಗ ಅವರಿಗಿರುವುದು ಕಾರ್ಟ್ ಒಂದೇ. ಹಗಲಿನಲ್ಲಿ ಮಾತ್ರ, ನಿಧಾನವಾಗಿ. ಕ್ಲಬ್‌ಹೌಸು, ಔಷಧಿ ಅಂಗಡಿ, ಗೆಳತಿಯ ಮನೆ. ಅಷ್ಟೇ ಅವರ ಪ್ರಪಂಚ.

2023ರ ಕಾನೂನಿನ ಪ್ರಕಾರ ಕಾರ್ಟ್ ಓಡಿಸಲು 18 ತುಂಬದವರಿಗೆ ಲೈಸೆನ್ಸೋ ಲರ್ನರ್ ಪರ್ಮಿಟ್ಟೋ ಬೇಕು. 18 ತುಂಬಿದವರಿಗೆ ಸರ್ಕಾರ ಕೊಟ್ಟ ಫೋಟೋ ಐಡಿ ಇದ್ದರೆ ಸಾಕು, ಡ್ರೈವಿಂಗ್ ಲೈಸೆನ್ಸ್ ಬೇಡ. ಅಮ್ಮ ಓಡಾಡುತ್ತಿರುವುದು ಆ ಒಂದು ಸಾಲಿನ ಮೇಲೆ. ನೀವು ಕಾರ್ಟನ್ನು ಎಲ್‌ಎಸ್‌ವಿ ಹಾಗೆ ರಿಜಿಸ್ಟರ್ ಮಾಡಿಸಿ ಅಂದರೆ ಹಿಂದೆಯೇ ಲೈಸೆನ್ಸೂ ಬರುತ್ತದೆ. ಆಮೇಲೆ ಅಮ್ಮ ಮನೆಯಲ್ಲೇ ಕೂರಬೇಕು. ನಾನಿರುವುದು ಮೂರು ರಾಜ್ಯ ಆಚೆ.

ಸುರಂಗದ ದಾರಿ:

ನಿಮ್ಮ ಕಷ್ಟ ಅರ್ಥವಾಗುತ್ತದೆ ಕಣಮ್ಮಾ. ಆದರೆ ಒಂದು ಮಾತು ಹೇಳಲೇಬೇಕು. ಕಾರು ಓಡಿಸಲು ಕಣ್ಣು ಸಾಲದು ಅಂತ ಬಿಟ್ಟವರು, ಜನ ನಡೆಯುವ ದಾರಿಯಲ್ಲೇ ಕಾರ್ಟ್ ಓಡಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ದೂರದ ಮಗಳು:

ಕಣ್ಣು ಸಾಲದು ಅಂತ ನಾನು ಬರೆದಿಲ್ಲ ಆಂಟಿ. ರಾತ್ರಿಯ ಲೈಟು ಅಂದೆ. ನಿಮ್ಮ ಯಜಮಾನರಿಗೆ ಗುದ್ದಿದವರು 77ರವರೋ 57ರವರೋ ನಿಮಗೂ ಗೊತ್ತಿಲ್ಲ ಅಲ್ವಾ?

ಸುರಂಗದ ದಾರಿ:

ಗೊತ್ತಿಲ್ಲ. ಸಾರಿ. ನೋವಿನಲ್ಲಿ ಬರೆದೆ.

ಮರಳುಗಾಡು:

ಅರಿಜೋನಾದ ಸನ್ ಸಿಟಿ ಕಡೆಯವನು ನಾನು. ಡೆಲ್ ವೆಬ್ ಅನ್ನುವ ಬಿಲ್ಡರ್ 1960ರ ಜನವರಿ 1ರಂದು ಬಾಗಿಲು ತೆರೆದ ಊರು. ನಿವೃತ್ತರ ಬಡಾವಣೆ ಅಂದರೆ ಜನ ಮೊದಲು ಹೇಳುವ ಹೆಸರೇ ಇದು.

ಇಲ್ಲಿ ಸಾರ್ವಜನಿಕ ರಸ್ತೆಗೆ ಇಳಿಯುವ ಗಾಲ್ಫ್ ಕಾರ್ಟ್‌ಗೆ ಟೈಟಲ್, ರಿಜಿಸ್ಟ್ರೇಷನ್, ಪ್ಲೇಟು, ಇನ್ಶೂರೆನ್ಸ್ ಎಲ್ಲಾ ಬೇಕು. ಓಡಿಸುವವರಿಗೆ ಲೈಸೆನ್ಸ್ ಬೇಕು. ನನ್ನ ಗಾಡಿ ಹಿಂದೆಯೂ ಪ್ಲೇಟ್ ಇದೆ. ಅದಕ್ಕಾಗಿ ಇಲ್ಲಿ ಯಾರೂ ಗಾಲ್ಫ್ ಆಡುವುದು ಬಿಟ್ಟಿಲ್ಲ, ಹಾಲು ತರುವುದೂ ಬಿಟ್ಟಿಲ್ಲ. 18ನೇ ಹೋಲ್ ಸರ್, ಆಕಾಶ ತಲೆ ಮೇಲೆ ಬೀಳುವುದಿಲ್ಲ.

ಆದರೆ ನಿಜ ಹೇಳಬೇಕಲ್ಲ. ಪ್ಲೇಟು ಬಂದ ಮಾತ್ರಕ್ಕೆ ಓಡಿಸುವುದು ಬದಲಾಗುವುದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಎಡಕ್ಕೆ ಚಕ್ಕನೆ ತಿರುಗಿಸಿದರು, ಬಲಗಡೆ ಕೂತಿದ್ದ ಅವರ ಹೆಂಡತಿ ರಸ್ತೆಗೆ ಬಿದ್ದರು. ಬಾಗಿಲಿಲ್ಲ, ಬೆಲ್ಟಿಲ್ಲ, ಹಿಡಿದುಕೊಳ್ಳಲು ಸೊಂಟದ ಹತ್ತಿರ ಸಣ್ಣದೊಂದು ಕಂಬಿ. ಪ್ಲೇಟು ಮಾತ್ರ ಹಿಂದೆ ಗಟ್ಟಿಯಾಗಿ ಕೂತಿತ್ತು.

ಪೀಚ್‌ಟ್ರೀ:

ಜಾರ್ಜಿಯಾದ ಪೀಚ್‌ಟ್ರೀ ಸಿಟಿಯಿಂದ. ನಮ್ಮದು ನಿವೃತ್ತರ ಊರಲ್ಲ, ಎಲ್ಲಾ ವಯಸ್ಸಿನವರದು. ಆದರೆ ನೂರು ಮೈಲಿಯಷ್ಟು ಕಾರ್ಟ್ ದಾರಿ ಇದೆ. ಹೈಸ್ಕೂಲ್ ಮಕ್ಕಳು ಕಾರ್ಟ್‌ನಲ್ಲೇ ಶಾಲೆಗೆ ಹೋಗುತ್ತಾರೆ. ಪಾರ್ಕಿಂಗ್ ಲಾಟ್ ನೋಡಿದರೆ ನಗು ಬರುತ್ತದೆ.

ಇಲ್ಲಿ ರಿಜಿಸ್ಟ್ರೇಷನ್ ಇದೆ, ಆದರೆ ಮಾಡಿಕೊಳ್ಳುವುದು ನಗರಾಡಳಿತ, ರಾಜ್ಯ ಅಲ್ಲ. ಕಾರಿನ ಹಾಗೆ ಪ್ಲೇಟ್ ಕೊಡುವುದಿಲ್ಲ, ನಂಬರಿನ ಸ್ಟಿಕ್ಕರ್ ಕೊಡುತ್ತಾರೆ, ಗಾಡಿಗೆ ಅಂಟಿಸಬೇಕು. ಸೌತ್ ಕ್ಯಾರೊಲೈನಾದಲ್ಲಿ ನನ್ನ ಭಾವ ಇದ್ದಾರೆ. ಅಲ್ಲಿ ರಾಜ್ಯದ ಡಿಎಂವಿಯೇ, ಅಂದರೆ ವಾಹನ ಇಲಾಖೆಯೇ, 5 ಡಾಲರಿಗೆ ಪರ್ಮಿಟ್ ಸ್ಟಿಕ್ಕರ್ ಕೊಡುತ್ತದೆ. ಇನ್ಶೂರೆನ್ಸ್ ಇರಬೇಕು, ಓಡಿಸುವವರಿಗೆ ಲೈಸೆನ್ಸೂ ಇರಬೇಕು. ಪ್ಲೇಟೋ ಬೇಡವೋ ಅಂತ ಎರಡೇ ದಾರಿ ಇಟ್ಟುಕೊಂಡು ಯಾಕೆ ಕಿತ್ತಾಡುತ್ತೀರಿ?

18ನೇ ಹೋಲ್:

ಐದು ಡಾಲರ್ ಅಂದರೆ ನಾನು ತಕರಾರು ಮಾಡುವುದಿಲ್ಲಪ್ಪ. ಆ ಪಟ್ಟಿ ಯಾರ ಕೈಯಲ್ಲಿರುತ್ತದೆ ಅನ್ನುವುದು ನನ್ನ ಚಿಂತೆ. ನಮ್ಮ ಬಡಾವಣೆಯಲ್ಲಿ ಹುಲ್ಲು ಎರಡಿಂಚು ಜಾಸ್ತಿ ಬೆಳೆದರೆ ಫೋಟೋ ತೆಗೆದು ಕಳಿಸುವವರಿದ್ದಾರೆ. ಅವರ ಕೈಗೆ ಕಾರ್ಟ್ ನಂಬರ್ ಸಿಕ್ಕರೆ ನಾನು ಎಷ್ಟು ಹೊತ್ತಿಗೆ ಎಲ್ಲಿಗೆ ಹೋದೆ, ಯಾರನ್ನು ಪಕ್ಕದಲ್ಲಿ ಕೂರಿಸಿಕೊಂಡೆ ಅನ್ನುವುದೂ ಪತ್ರದಲ್ಲಿ ಬರುತ್ತದೆ.

ಹಳದಿ ಚೆಂಡು:

ಯಾರನ್ನು ಕೂರಿಸಿಕೊಂಡಿರಿ ಸರ್?

18ನೇ ಹೋಲ್:

ನಮ್ಮ ನಾಯಿ.

ಕಲಂ ನೋಡುವವ:

ತಮಾಷೆ ಸಾಕು. ಯಾರು ಮಾಡಬಹುದು ಅನ್ನುವುದನ್ನು ಮೊದಲು ನೋಡಿ.

ಫ್ಲೋರಿಡಾದ ದೊಡ್ಡ ಬಡಾವಣೆಗಳಲ್ಲಿ ಎಷ್ಟೋ ಕಡೆ ರಸ್ತೆಗಳು ಸಾರ್ವಜನಿಕ. ಗೇಟ್ ಇರುತ್ತದೆ, ಬಟನ್ ಒತ್ತಿದರೆ ಯಾರಿಗಾದರೂ ತೆರೆಯುತ್ತದೆ. ಕಾರ್ಟ್ ದಾರಿ ಎಷ್ಟೋ ಸಲ ಸಿಡಿಡಿಯದು, ಅಂದರೆ ಕಮ್ಯುನಿಟಿ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್‌ನದು. ಅದು ರಾಜ್ಯ ಕಾನೂನಿನ 190ನೇ ಅಧ್ಯಾಯದ ಕೆಳಗೆ ಬರುವ ಸಂಸ್ಥೆ. ದಾರಿ ಹಾಕುತ್ತದೆ, ಗುಂಡಿ ಮುಚ್ಚುತ್ತದೆ, ಬೋರ್ಡ್ ನಿಲ್ಲಿಸುತ್ತದೆ. ಆದರೆ ಅದಕ್ಕೆ ಪೊಲೀಸ್ ಅಧಿಕಾರ ಇಲ್ಲ. ಹಿಡಿದು ದಂಡ ಹಾಕುವವರು ಕೌಂಟಿ ಅಥವಾ ಊರಿನ ಪೊಲೀಸಿನವರು. ಇನ್ನು ಎಚ್‌ಓಎ, ಅಂದರೆ ಮನೆ ಮಾಲೀಕರ ಸಂಘ ಇರುವಲ್ಲಿ ಅದು ತನ್ನ ಸದಸ್ಯರಿಗೆ ನಿಯಮ ಮಾಡಬಹುದು. ಪಕ್ಕದ ಬಡಾವಣೆಯಿಂದ ಬರುವ ಕಾರ್ಟ್‌ಗೆ ಆ ನಿಯಮ ತಟ್ಟುವುದಿಲ್ಲ.

ರಾಜ್ಯದ ಕಾನೂನು ಸಾರ್ವಜನಿಕ ರಸ್ತೆಯ ಕಾರ್ಟ್‌ಗೆ ಕೇಳುವುದು ಒಳ್ಳೇ ಬ್ರೇಕು, ಸ್ಟಿಯರಿಂಗು, ಟೈರು, ಹಿಂದೆ ನೋಡುವ ಕನ್ನಡಿ, ಮುಂದೆ ಹಿಂದೆ ಕೆಂಪು ರಿಫ್ಲೆಕ್ಟರು. ಕತ್ತಲಲ್ಲಿ ಓಡಿಸಲು ಅನುಮತಿ ಇರುವ ಕಡೆ ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ವಿಂಡ್‌ಶೀಲ್ಡ್ ಕೂಡ. ಎಲ್ಲೂ ಸಂಖ್ಯೆ ಅನ್ನುವ ಮಾತಿಲ್ಲ. ಮೇಡಂ, ನಿಮಗೆ ಎಲ್ಲರ ಮೇಲೂ ರಿಜಿಸ್ಟ್ರೇಷನ್ ಬೇಕಾದರೆ ಅದು ಬಡಾವಣೆಯ ಮೀಟಿಂಗ್‌ನಲ್ಲಿ ಕೈ ಎತ್ತಿ ಆಗುವ ಕೆಲಸ ಅಲ್ಲ, ರಾಜ್ಯದ ಮಟ್ಟದ್ದು.

ಇನ್ನೊಂದು. ಕುಡಿದು ಕಾರ್ಟ್ ಓಡಿಸಿದರೆ ಕಾರಿನಷ್ಟೇ ಡಿಯುಐ ಕೇಸ್. ಇದು ಗೊತ್ತಿಲ್ಲದವರು ಬಹಳ ಜನ ಇದ್ದಾರೆ, ಅದಕ್ಕೇ ಹೇಳಿದೆ.

ಗ್ರೀಸ್ ಕೈ:

ನನಗೆ ಪ್ಲೇಟಿಗಿಂತ ಇನ್ಶೂರೆನ್ಸ್ ಮುಖ್ಯ ಅನ್ನಿಸುತ್ತದೆ. ಎಲ್‌ಎಸ್‌ವಿಗೆ ಫ್ಲೋರಿಡಾ ಕೇಳುವುದು ಪಿಐಪಿ (ತಪ್ಪು ಯಾರದ್ದೇ ಇರಲಿ, ನಮ್ಮ ಗಾಯದ ಖರ್ಚಿಗೆ ಬರುವ ವಿಮೆ) 10,000 ಡಾಲರ್, ಬೇರೆಯವರ ಆಸ್ತಿ ಹಾನಿಗೆ 10,000. ಕಾರ್ಟ್‌ಗೆ ಸೊನ್ನೆ. ಮನೆಯ ಪಾಲಿಸಿ ಇದೆಯಲ್ಲ ಅಂತ ಜನ ಧೈರ್ಯವಾಗಿರುತ್ತಾರೆ. ನಿಮ್ಮ ಜಾಗ ದಾಟಿ ಆಚೆ ಹೋದ ಕಾರ್ಟ್ ಅದರಲ್ಲಿ ಸೇರಿದೆಯಾ ಅಂತ ಒಮ್ಮೆ ಫೋನ್ ಮಾಡಿ ಕೇಳಿ. ನಾನು ಕೇಳಿದೆ. ಸೇರಿರಲಿಲ್ಲ. ಆ ವಾರವೇ ಬೇರೆ ಪಾಲಿಸಿ ಮಾಡಿಸಿದೆ.

ಸುರಂಗದ ದಾರಿ:

ಎರಡು ದಿನ ಎಲ್ಲರ ಮಾತು ಮತ್ತೆ ಮತ್ತೆ ಓದಿದೆ.

ದೂರದ ಮಗಳ ಅಮ್ಮ ಮನೆಯಲ್ಲಿ ಕೂರಬೇಕು ಅಂತ ನಾನು ಯಾವತ್ತೂ ಬಯಸಿರಲಿಲ್ಲ. ಅವತ್ತು ಸುರಂಗದ ಬಾಯಿಯಲ್ಲಿ ನನಗೆ ಬೇಕಾಗಿದ್ದು ಟೈಟಲ್ ಅಲ್ಲ, ವಿಐಎನ್ ಅಲ್ಲ. ಹೋಗುತ್ತಿರುವ ಗಾಡಿಯ ಬೆನ್ನಿನ ಮೇಲೆ ಓದಲಿಕ್ಕೆ ಏನಾದರೂ ಬೇಕಾಗಿತ್ತು. ಅಂಕಿ ಮೂರೋ ನಾಲ್ಕೋ, ಮೂವತ್ತು ಅಡಿ ದೂರದಿಂದ ಕನ್ನಡಕ ಹಾಕಿದವರಿಗೆ ಕಾಣುವಷ್ಟು ದಪ್ಪ. ಯಾರದ್ದು ಅನ್ನುವ ಪಟ್ಟಿ ಒಂದು ಕಡೆ ಬೀಗ ಹಾಕಿ ಇರಲಿ, ಅಪಘಾತ ಆದಾಗ ಪೊಲೀಸಿನವರು ಕೇಳಿದರೆ ಮಾತ್ರ ತೆಗೆಯಲಿ. ಲೈಸೆನ್ಸ್ ಮಾತು ಬೇಡ, ವರ್ಷ ವರ್ಷ ಫೀಸು ಬೇಡ. ಅಂದರೆ ಪೀಚ್‌ಟ್ರೀಯವರು ಹೇಳಿದ ಹಾಗೆ ನಂಬರ್ ಸ್ಟಿಕ್ಕರ್. ಮೊದಲಿಗೆ ನಮ್ಮ ಬಡಾವಣೆಯಲ್ಲಿ ಇಷ್ಟವಿದ್ದವರು ಹಾಕಿಕೊಳ್ಳಲಿ ಅಂತ ಮುಂದಿನ ಮೀಟಿಂಗ್‌ನಲ್ಲಿ ಕೇಳುತ್ತೇನೆ.

ಕಲಂ ನೋಡುವವ:

ಇಷ್ಟವಿದ್ದವರು ಅಂದರೆ ಓಡಿ ಹೋಗದವರು ಹಾಕಿಕೊಳ್ಳುತ್ತಾರೆ. ಓಡಿ ಹೋಗುವವರು ಹಾಕಿಕೊಳ್ಳುವುದಿಲ್ಲ.

ಸುರಂಗದ ದಾರಿ:

ಇರಬಹುದು. ಆದರೆ ನೂರರಲ್ಲಿ ಎಂಬತ್ತು ಗಾಡಿಗೆ ನಂಬರ್ ಇದ್ದರೆ ಉಳಿದ ಇಪ್ಪತ್ತನ್ನು ಹುಡುಕುವುದು ಸುಲಭ ಅಲ್ವಾ? ಅವತ್ತು ನನಗೆ ನೂರೂ ಒಂದೇ ಥರ ಕಂಡವು.

ದೂರದ ಮಗಳು:

ಇಷ್ಟೇ ಆದರೆ ಅಮ್ಮನ ಗಾಡಿಗೆ ನಾನೇ ಬಂದು ಅಂಟಿಸುತ್ತೇನೆ ಆಂಟಿ. ಅವರು ಬಿದ್ದರೂ ಯಾರಾದರೂ ನೋಡಿ ಫೋನ್ ಮಾಡಬಹುದು.

18ನೇ ಹೋಲ್:

ಗ್ರೀಸ್ ಕೈ ಹೇಳಿದ ಆ ನಟ್ಟಿನ ವಿಷಯ ಯಾರೂ ಮುಂದಕ್ಕೆ ತೆಗೆದುಕೊಂಡು ಹೋಗಲಿಲ್ಲ ನೋಡಿ. ನಂಬರ್ ಅಂಟಿಸಿದ ಗಾಡಿ 24ರಲ್ಲಿ ಬಂದು ಗುದ್ದಿದರೂ ಕೈ ಮುರಿಯುವುದೇ. ನನ್ನನ್ನು ಕೇಳಿದರೆ ಇಳಿಜಾರಿನಲ್ಲಿ ವೇಗ ತೋರಿಸುವ ಬೋರ್ಡ್ ಇಡಿ ಅಂತೀನಿ. ಅದಕ್ಕೆ ನನ್ನದೂ ಒಂದು ಕೈ.

ಸುರಂಗದ ದಾರಿ:

ಎರಡನ್ನೂ ಕೇಳುತ್ತೇನೆ ಸರ್. ನೀವೂ ಮೀಟಿಂಗ್‌ಗೆ ಬಂದು ನಿಮ್ಮ ಬಾಯಿಯಿಂದಲೇ ಹೇಳುವುದಾದರೆ. ನಿಮ್ಮ ಹುಲ್ಲಿನ ಕಥೆ ಓದಿದ ಮೇಲೆ ನೀವೂ ನಮ್ಮ ಕಡೆಯವರೇ ಅನ್ನಿಸಿದೆ.

ಅಲ್ಲಿಯವರೆಗೆ ನಾನೇ ಶುರು ಮಾಡಿದ್ದೇನೆ. ಅಂಚೆ ಡಬ್ಬಿಗೆ ಹಾಕುವ ಹೊಳೆಯುವ ಅಂಕಿ ಹಾರ್ಡ್‌ವೇರ್ ಅಂಗಡಿಯಿಂದ ತಂದೆ. ನಮ್ಮ ಮನೆ ನಂಬರಿನ ಕೊನೇ ಎರಡಂಕಿ, 47 ಅಂತ ಹಿಂದೆ ಅಂಟಿಸಿದೆ. ಸ್ವಲ್ಪ ಸೊಟ್ಟಗಿದೆ.

18ನೇ ಹೋಲ್:

47? ಸೊಟ್ಟಗೆ, ಕೆಂಪು ಬಣ್ಣದ್ದಾ?

ಸುರಂಗದ ದಾರಿ:

ಹೌದು, ನೋಡಿದ್ರಾ?

18ನೇ ಹೋಲ್:

ನಿನ್ನೆ ಸಂಜೆ ಕ್ಲಬ್‌ಹೌಸ್ ತಿರುವಿನಲ್ಲಿ ಕೈ ತೋರಿಸದೆ ಎಡಕ್ಕೆ ತಿರುಗಿದ ಗಾಡಿ ಅದೇ ಮೇಡಂ! ನಾನು ಬ್ರೇಕ್ ಒತ್ತಿದ ರಭಸಕ್ಕೆ ನಾಯಿ ಕೆಳಗೆ ಬಿತ್ತು.

ಸುರಂಗದ ದಾರಿ:

ಅಯ್ಯೋ. ಅದು ನಾನಲ್ಲ, ಯಜಮಾನರು. ಓಡಿಸಬೇಡಿ ಅಂತ ಹೇಳಿದ್ದೆ. ಎಡಗೈ ಪ್ಲಾಸ್ಟರ್‌ನಲ್ಲಿದೆ, ಎಲ್ಲಿಂದ ತೋರಿಸುತ್ತಾರೆ? ನಾಯಿಗೆ ಏನೂ ಆಗಿಲ್ಲ ತಾನೇ?